ಮಳೆ, ಕರೆಂಟ್ ಮತ್ತು ವಿಂಡೋಸ್ ಅಪ್‌ಡೇಟ್: ತೋಟದ ಮನೆಯವರು ಮಾಡಬೇಕಾದ್ದೇನು?

ಒಂದು ಜುಲೈ ರಾತ್ರಿ. ಸೋಮವಾರಪೇಟೆ ಕಡೆಯ ನಮ್ಮ ತೋಟದಲ್ಲಿ ಮಳೆ ಜೋರಾಗಿತ್ತು. ಕಂಪ್ಯೂಟರಿನಲ್ಲಿ ‘ಅಪ್‌ಡೇಟ್ ಆ್ಯಂಡ್ ಶಟ್ ಡೌನ್’ ಒತ್ತಿ ಊಟಕ್ಕೆ ಹೋದೆ. ಅಷ್ಟರಲ್ಲಿ ಸಿಲ್ವರ್ ಮರದ ಕೊಂಬೆ ಲೈನ್ ಮೇಲೆ ಬಿತ್ತು, ಕರೆಂಟ್ ಹೋಯಿತು. ನಾಲ್ಕು ದಿನ ಬಿಟ್ಟು ಕರೆಂಟ್ ಬಂದರೂ ಕಂಪ್ಯೂಟರ್ ಏಳಲೇ ಇಲ್ಲ. ತೋಟದ ರೈಟರ್ (ಲೆಕ್ಕ ಬರೆಯುವವರು) ಬರೆದ ಆಳುಗಳ ಹಾಜರಿ, ಮೂರು ವರ್ಷದ ಮಳೆ ಲೆಕ್ಕ ಎಲ್ಲ ಅದರೊಳಗೇ ಇತ್ತು. ರಿಪೇರಿ ಮಾಡಿಸಿದ ಮೇಲೆ ಅರ್ಧ ಮಾತ್ರ ವಾಪಸ್ ಸಿಕ್ಕಿತು. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ವಿಂಡೋಸ್ 11ಕ್ಕೆ ವರ್ಷಕ್ಕೊಂದು ದೊಡ್ಡ ಅಪ್‌ಡೇಟ್ ಬರುತ್ತದೆ. 24ಎಚ್2 ಬಂದದ್ದು 2024ರ ಅಕ್ಟೋಬರ್ 1ರಂದು, 25ಎಚ್2 ಬಂದದ್ದು 2025ರ ಸೆಪ್ಟೆಂಬರ್ 30ರಂದು. ಎಚ್2 ಅಂದರೆ ವರ್ಷದ ಎರಡನೇ ಅರ್ಧ. ನಮ್ಮ ಕೊಡಗು ಜಿಲ್ಲೆಗೆ ಇದು ಒಳ್ಳೆಯ ಹೊತ್ತು. ಮಳೆ ಇಳಿದಿರುತ್ತದೆ, ಕಾವೇರಿ ಸಂಕ್ರಮಣ ಹತ್ತಿರ ಇರುತ್ತದೆ, ಕಾಫಿ ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ. ಬಂದ ದಿನವೇ ಹಾಕಿಕೊಳ್ಳಬೇಕು ಅಂತೇನೂ ಇಲ್ಲ. ಬಿಸಿಲು ಬಿದ್ದ ಒಂದು ಬೆಳಗ್ಗೆ ನೋಡಿಕೊಂಡು ಕೂರಿ.

ಮೊದಲು ನಿಮ್ಮಲ್ಲಿ ಯಾವ ಆವೃತ್ತಿ ಇದೆ ನೋಡಿ. ಕೀಬೋರ್ಡಿನ ವಿಂಡೋಸ್ ಕೀ ಹಿಡಿದು ‘ಆರ್’ ಒತ್ತಿ, ‘ವಿನ್‌ವರ್’ (winver) ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ, ಎಂಟರ್ ಒತ್ತಿ. 24ಎಚ್2 ಇದ್ದರೆ 25ಎಚ್2ಗೆ ಹೋಗುವುದು ಬಹಳ ಸುಲಭ. ಏಕೆಂದರೆ ಎರಡರ ಒಳಗಿನ ಕೋಡ್ ಒಂದೇ. ತಿಂಗಳ ಅಪ್‌ಡೇಟ್‌ಗಳ ಜೊತೆ ಹೊಸ ಸೌಲಭ್ಯಗಳು ಮೊದಲೇ ನಿಮ್ಮ ಡಿಸ್ಕಿಗೆ ಬಂದು ಮಲಗಿರುತ್ತವೆ. ಅವುಗಳನ್ನು ಎಬ್ಬಿಸುವ ಚಿಕ್ಕ ಫೈಲ್ ಒಂದು ಇಳಿಯುತ್ತದೆ, ಒಂದು ಸಲ ರೀಸ್ಟಾರ್ಟ್ ಆಗುತ್ತದೆ, ಅಷ್ಟೇ.

ವಿಂಡೋಸ್ 10 ಇದ್ದವರ ಕೆಲಸ ಜಾಸ್ತಿ. ಅದಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11ಕ್ಕೆ ಹೋಗಲು ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಪ್ರೊಸೆಸರ್ ಕೂಡ ತೀರ ಹಳೆಯದಾಗಿರಬಾರದು. ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಹಾಕಿಕೊಂಡರೆ ನಿಮ್ಮ ಕಂಪ್ಯೂಟರ್ ಆಗುತ್ತದೋ ಇಲ್ಲವೋ ಅದೇ ಹೇಳುತ್ತದೆ. ಡೌನ್‌ಲೋಡ್ ಹಲವು ಜಿಬಿ ಇರುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡು ಕೂರಬೇಡಿ. ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಫೈಬರ್ ಇರುವ ನೆಂಟರ ಮನೆಯಲ್ಲಿ ಮೈಕ್ರೋಸಾಫ್ಟ್‌ನ ‘ಮೀಡಿಯಾ ಕ್ರಿಯೇಷನ್ ಟೂಲ್’ ಬಳಸಿ ವಿಂಡೋಸ್ 11 ಅನ್ನು 8 ಜಿಬಿಯ ಖಾಲಿ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಅದೊಂದೇ ಪೆನ್‌ಡ್ರೈವ್ ಅಕ್ಕಪಕ್ಕದ ತೋಟದವರಿಗೂ ಆಗುತ್ತದೆ.

ಈಗ ಬ್ಯಾಕಪ್. ಇದನ್ನು ಮಾತ್ರ ಬಿಡಬೇಡಿ. ಕೂಲಿ ಲೆಕ್ಕ, ಮಳೆ ಲೆಕ್ಕ, ಹೋಮ್‌ಸ್ಟೇ ಬುಕಿಂಗ್, ಫೋಟೋ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಡಿಸ್ಕ್ ತೆಗೆದು ಬೀರುವಿನಲ್ಲಿಡಿ. ಆಮೇಲೆ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಇದೆಯೇ ನೋಡಿ. ಅದು 48 ಅಂಕಿಯ ಸಂಖ್ಯೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಬಿದ್ದಿರುವುದು ಸಾಮಾನ್ಯ. ಏನಾದರೂ ಕೆಟ್ಟು ಆ ಕೀ ಕೇಳಿದರೆ, ಅದಿಲ್ಲದೆ ಯಾವ ರಿಪೇರಿಯವರೂ ಡಿಸ್ಕ್ ತೆರೆಯಲಾರರು. ಪೇಪರಿನಲ್ಲಿ ಬರೆದಿಟ್ಟುಕೊಳ್ಳಿ.

ಇನ್ನು ಅಪ್‌ಡೇಟನ್ನು ನಮ್ಮ ಹಿಡಿತದಲ್ಲಿ ಇಟ್ಟುಕೊಳ್ಳುವುದು ಹೇಗೆ? ಸೆಟ್ಟಿಂಗ್ಸ್‌ನಲ್ಲಿ ‘ವಿಂಡೋಸ್ ಅಪ್‌ಡೇಟ್’ ತೆರೆಯಿರಿ. ‘ಪಾಸ್ ಅಪ್‌ಡೇಟ್ಸ್’ (Pause updates) ಒತ್ತಿದರೆ ಐದು ವಾರದವರೆಗೆ ತಡೆಹಿಡಿಯಬಹುದು. ಆದರೆ ಮಳೆಗಾಲ ಪೂರ್ತಿ ತಡೆಯುತ್ತಲೇ ಹೋಗಬೇಡಿ, ತಿಂಗಳ ಭದ್ರತಾ ಅಪ್‌ಡೇಟ್ ಬೇಕೇಬೇಕು. ಅದು ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುಗಡೆಯಾಗುತ್ತದೆ, ನಮ್ಮಲ್ಲಿ ಆಗ ರಾತ್ರಿ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ‘ಆ್ಯಕ್ಟಿವ್ ಅವರ್ಸ್’ ಇದೆ. ನೀವು ಕೆಲಸ ಮಾಡುವ ಹೊತ್ತನ್ನು ಅಲ್ಲಿ ಹಾಕಿದರೆ ಆ ಹೊತ್ತಿನಲ್ಲಿ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಹಾಟ್‌ಸ್ಪಾಟ್ ಬಳಸುವವರು ವೈಫೈ ವಿವರದಲ್ಲಿ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿ, ಡೇಟಾ ಸುಮ್ನೆ ಖಾಲಿಯಾಗುವುದು ತಪ್ಪುತ್ತದೆ.

ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಪೂರ್ತಿ ತುಂಬಿಸಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಇನ್ವರ್ಟರ್ ಇದೆಯಲ್ವಾ ಅಂದುಕೊಳ್ಳಬಹುದು. ಕೆಲವು ಇನ್ವರ್ಟರ್‌ಗಳು ಕರೆಂಟ್ ಹೋದಾಗ ಬದಲಾಗಲು ತೆಗೆದುಕೊಳ್ಳುವ ಕ್ಷಣದಲ್ಲೇ ಡೆಸ್ಕ್‌ಟಾಪ್ ಆಫ್ ಆಗಿಬಿಡುತ್ತದೆ. ಎಲ್ಲ ಸಿದ್ಧವಾದ ಮೇಲೆ ‘ಡೌನ್‌ಲೋಡ್ ಆ್ಯಂಡ್ ಇನ್‌ಸ್ಟಾಲ್’ ಒತ್ತಿ, ಮುಗಿಯುವ ತನಕ ಪಕ್ಕದಲ್ಲೇ ಇರಿ.

ಇಷ್ಟು ಮಾಡಿದ್ದಕ್ಕೆ ಸಿಗುವುದೇನು? ನನಗೆ ಹೆಚ್ಚು ಇಷ್ಟವಾದದ್ದು ಬ್ಯಾಟರಿ ಚಿಹ್ನೆ. ಚಾರ್ಜ್ ಆಗುವಾಗ ಹಸಿರು, ಉಳಿತಾಯದಲ್ಲಿ ಹಳದಿ, ತೀರ ಇಳಿದಾಗ ಕೆಂಪು. ಪಕ್ಕದಲ್ಲಿ ಶೇಕಡಾವಾರು ಅಂಕಿಯನ್ನೂ ತೋರಿಸಬಹುದು. ಕರೆಂಟ್ ಹೋದದ್ದು ಗೊತ್ತಾಗದೆ ಕೆಲಸ ಮಾಡುತ್ತಾ ಕೂತವರಿಗೆ ಇದರ ಬೆಲೆ ತಿಳಿಯುತ್ತದೆ. ‘ಎನರ್ಜಿ ಸೇವರ್’ ಈಗ ಡೆಸ್ಕ್‌ಟಾಪಿನಲ್ಲೂ ಇದೆ, ಇನ್ವರ್ಟರ್ ಮೇಲೆ ಓಡಿಸುವಾಗ ಆನ್ ಮಾಡಿಕೊಳ್ಳಿ. ಸ್ಟಾರ್ಟ್ ಮೆನುವಿನಲ್ಲಿ ಎಲ್ಲ ಆ್ಯಪ್‌ಗಳೂ ಒಂದೇ ಪುಟದಲ್ಲಿ ಕಾಣುತ್ತವೆ.

‘ಕ್ವಿಕ್ ಮಷೀನ್ ರಿಕವರಿ’ ಎಂಬುದೂ ಬಂದಿದೆ. 2024ರ ಜುಲೈ 19ರಂದು ಒಂದು ಭದ್ರತಾ ಸಾಫ್ಟ್‌ವೇರಿನ ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನಿಂತುಹೋದವು. ಅಂಥ ಹೊತ್ತಿನಲ್ಲಿ ಏಳದ ಕಂಪ್ಯೂಟರ್ ತಾನೇ ಇಂಟರ್‌ನೆಟ್‌ಗೆ ಹೋಗಿ ಮದ್ದು ಹುಡುಕುವ ವ್ಯವಸ್ಥೆ ಇದು. ಎಲ್ಲರಿಗೂ ಒಟ್ಟಿಗೆ ಬಂದ ತೊಂದರೆಗೆ ಇದು ಸರಿ. ಕರೆಂಟ್ ಹೋಗಿ ನಿಮ್ಮೊಬ್ಬರದೇ ಡಿಸ್ಕ್ ಕೆಟ್ಟರೆ ಇದನ್ನು ನೆಚ್ಚಿಕೊಳ್ಳಬೇಡಿ. ಹಾಗೆಯೇ, ವಿಂಡೋಸ್ ಕೆಟ್ಟಾಗ ಬರುತ್ತಿದ್ದ ನೀಲಿ ಸ್ಕ್ರೀನ್ ಈಗ ಕಪ್ಪಾಗಿದೆ. ಮಾನಿಟರ್ ಹೋಯಿತು ಅಂದುಕೊಳ್ಳದೆ ಅದರಲ್ಲಿ ಬರೆದಿರುವುದನ್ನು ಓದಿ.

ಅಪ್‌ಡೇಟ್ ಆದ ದಿನವೇ ಇವೆಲ್ಲ ಕಾಣದಿರಬಹುದು. ಕೆಲವನ್ನು ಮೈಕ್ರೋಸಾಫ್ಟ್ ಸ್ವಲ್ಪ ಸ್ವಲ್ಪ ಕಂಪ್ಯೂಟರ್‌ಗಳಿಗೆ ಹಂಚುತ್ತಾ ಹೋಗುತ್ತದೆ. ಪಕ್ಕದ ಮನೆಯವರಿಗೆ ಬಂದು ನಿಮಗೆ ಬಾರದಿದ್ದರೆ ನಿಮ್ಮ ತಪ್ಪೇನೂ ಇಲ್ಲ.

ಕಂಪ್ಯೂಟರ್ ಎದ್ದ ಮೇಲೆ ಒಂದು ಬಿಲ್ ಪ್ರಿಂಟ್ ತೆಗೆದು ನೋಡಿ, ಲೆಕ್ಕದ ಸಾಫ್ಟ್‌ವೇರ್ ತೆರೆದು ನೋಡಿ. 10ರಿಂದ 11ಕ್ಕೆ ಹೋದವರಿಗೆ ಸರಿಬರದಿದ್ದರೆ ಹತ್ತು ದಿನದೊಳಗೆ ಸೆಟ್ಟಿಂಗ್ಸ್‌ನ ‘ರಿಕವರಿ’ಯಲ್ಲಿ ‘ಗೋ ಬ್ಯಾಕ್’ ಒತ್ತಿ ವಾಪಸ್ ಬರಬಹುದು. ಆ ಹತ್ತು ದಿನ ಜಾಗ ಮಾಡಲೆಂದು ಹಳೆಯ ವಿಂಡೋಸ್ ಫೈಲ್‌ಗಳನ್ನು ಅಳಿಸಬೇಡಿ. ಅಳಿಸಿದರೆ ವಾಪಸ್ ಬರುವ ದಾರಿ ಮುಚ್ಚಿಹೋಗುತ್ತದೆ.