ಧ್ಯಾನ ಶಿಬಿರಕ್ಕೆ ಹಣ ಕಟ್ಟುವ ಮುನ್ನ ಒಂದು ಫೋನ್ ಮಾಡಿ

ಮೈಂಡ್‌ಫುಲ್‌ನೆಸ್ ಧ್ಯಾನ, ಅಂದರೆ ಈ ಕ್ಷಣದಲ್ಲಿ ಆಗುತ್ತಿರುವುದನ್ನು ತೀರ್ಪಿಲ್ಲದೆ ಗಮನಿಸುವ ಅಭ್ಯಾಸ ಕಲಿಯಲು ಹೊರಟ ಎಷ್ಟೋ ಜನ ಬೆಟ್ಟದ ಫೋಟೊ ನೋಡಿ ಶಿಬಿರ ಆರಿಸುತ್ತಾರೆ. ಮನೆಯಲ್ಲಿ 20 ನಿಮಿಷ ಅಲುಗಾಡದೆ ಕೂತು ಗೊತ್ತಿಲ್ಲದವರು ದಿನಕ್ಕೆ 10 ಗಂಟೆ ಕೂರುವ ಮೌನ ಶಿಬಿರಕ್ಕೆ ಹೆಸರು ಕೊಡುತ್ತಾರೆ. ಎರಡನೇ ದಿನಕ್ಕೆ ಬೆನ್ನು ಹಿಡಿದುಕೊಳ್ಳುತ್ತದೆ, ಮೂರನೇ ದಿನಕ್ಕೆ ಚೀಲ ಹೆಗಲೇರುತ್ತದೆ. ‘ಧ್ಯಾನ ನನಗೆ ಆಗಿಬರುವುದಿಲ್ಲ’ ಎಂದು ಅಲ್ಲಿಗೇ ಕೈಬಿಡುತ್ತಾರೆ. ಅವರಿಗೆ ಆಗಿಬರದಿದ್ದದ್ದು ಆ ಶಿಬಿರ ಮಾತ್ರ. ಹುಡುಕುವ ಕ್ರಮ ಸರಿಯಿದ್ದರೆ ಇದನ್ನು ತಪ್ಪಿಸಬಹುದು.

ಮೊದಲು: ಯಾವ ಬಗೆಯದು ಬೇಕು?

ಹೊಸಬರಿಗೆ ನಮ್ಮ ಸಲಹೆ ಒಂದೇ: 8 ವಾರಗಳ ಎಂಬಿಎಸ್‌ಆರ್ (ಮೈಂಡ್‌ಫುಲ್‌ನೆಸ್ ಮೂಲಕ ಒತ್ತಡ ತಗ್ಗಿಸುವ ಕ್ರಮ) ತರಗತಿಯಿಂದ ಶುರು ಮಾಡಿ. ಜಾನ್ ಕಬಾಟ್-ಜಿನ್ ಅವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಆರಂಭಿಸಿದ ಕ್ರಮ ಇದು. ವಾರಕ್ಕೊಮ್ಮೆ ಸುಮಾರು ಎರಡೂವರೆ ಗಂಟೆಯ ತರಗತಿ, ಕೊನೆಯ ವಾರಗಳಲ್ಲಿ ಒಂದು ಪೂರ್ತಿ ದಿನದ ಮೌನ, ಮನೆಯಲ್ಲಿ ದಿನಕ್ಕೆ 45 ನಿಮಿಷದ ಅಭ್ಯಾಸ. ವಾರದ ನಡುವೆ ಏನು ತೊಡಕಾಯಿತೋ ಅದನ್ನು ಮುಂದಿನ ವಾರ ಶಿಕ್ಷಕರ ಮುಂದೆ ಇಡಬಹುದು. ಶಿಬಿರದಲ್ಲಿ ಈ ಬಿಡುವು ಸಿಗುವುದಿಲ್ಲ. ಖಿನ್ನತೆ ಬಂದು ಹೋಗಿ ಮತ್ತೆ ಮರುಕಳಿಸುತ್ತಿದ್ದರೆ, ಅದನ್ನು ತಡೆಯುವುದಕ್ಕೆಂದೇ ರೂಪಿಸಿದ ಎಂಬಿಸಿಟಿ (ಮೈಂಡ್‌ಫುಲ್‌ನೆಸ್ ಆಧಾರಿತ ಅರಿವಿನ ಚಿಕಿತ್ಸೆ) ತರಗತಿಯನ್ನು ಹುಡುಕಿ.

ವಿಪಶ್ಯನ ಎಂಬ ಬೌದ್ಧ ಧ್ಯಾನ ಪದ್ಧತಿಯ 10 ದಿನದ ಶಿಬಿರಗಳು ಬೇರೆಯೇ ತೂಕದವು. ಈ ಪದ್ಧತಿಯನ್ನು ಕಲಿಸಿದ ಎಸ್. ಎನ್. ಗೋಯೆಂಕಾ ಅವರ ಪರಂಪರೆಯ ಕೇಂದ್ರಗಳಲ್ಲಿ ಬೆಳಗಿನ 4ಕ್ಕೆ ಗಂಟೆ ಬಾರಿಸುತ್ತದೆ, ರಾತ್ರಿ 9.30ಕ್ಕೆ ದೀಪ ಆರುತ್ತದೆ. ಮಾತು, ಫೋನು, ಓದು, ಬರಹ ಯಾವುದೂ ಇಲ್ಲ. ಮೊದಲ ಮೂರು ದಿನ ಉಸಿರಿನ ಮೇಲಷ್ಟೇ ಗಮನ, ನಾಲ್ಕನೇ ದಿನದಿಂದ ಮೈಯ ಸಂವೇದನೆಗಳ ಮೇಲೆ. ಶುಲ್ಕವಿಲ್ಲ, ಹಿಂದೆ ಶಿಬಿರ ಮುಗಿಸಿದವರ ದಾನದಿಂದಲೇ ನಡೆಯುತ್ತದೆ. ತುಂಬ ಶ್ರದ್ಧೆಯಿಂದ ನಡೆಸುವ ಶಿಬಿರಗಳಿವು. ಹೊಸಬರಿಗೂ ಪ್ರವೇಶವಿದೆ. ಆದರೂ ‘ಹೇಗೂ ಉಚಿತ, ಹೋಗಿ ನೋಡೋಣ’ ಎಂಬ ಲೆಕ್ಕದಲ್ಲಿ ಹೋಗಬೇಡಿ. ವಾರದ ತರಗತಿ, ಒಂದು ದಿನದ ಶಿಬಿರ, ಎರಡು ದಿನದ ಶಿಬಿರ, ಆಮೇಲೆ 10 ದಿನ ಎನ್ನುವುದು ಸರಿಯಾದ ಏಣಿ.

ಹುಡುಕುವುದು

ಇದು ಸುಲಭ. ‘ಧ್ಯಾನ’ ಎಂದಷ್ಟೇ ಹುಡುಕಿದರೆ ಮಸಾಜ್ ಕೇಂದ್ರಗಳೂ ಬರುತ್ತವೆ. ‘ಎಂಬಿಎಸ್‌ಆರ್’, ‘ವಿಪಶ್ಯನ’, ‘ಜೆನ್’ (ಜಪಾನಿನ ಬೌದ್ಧ ಪದ್ಧತಿ) ಎಂದು ಪದ್ಧತಿಯ ಹೆಸರನ್ನು ಊರಿನ ಹೆಸರಿನ ಜೊತೆ ಕೊಡಿ. ಆಸ್ಪತ್ರೆಗಳ ಮನೋವೈದ್ಯ ವಿಭಾಗ, ವಿಶ್ವವಿದ್ಯಾಲಯ, ಬೌದ್ಧ ಕೇಂದ್ರಗಳಲ್ಲಿ ವಿಚಾರಿಸಿ. ಗೋಯೆಂಕಾ ಪರಂಪರೆಯ ಶಿಬಿರಗಳ ದಿನಾಂಕಗಳೆಲ್ಲ ಧಮ್ಮ ಡಾಟ್ ಆರ್ಗ್ ತಾಣದಲ್ಲಿವೆ. ಜಾಹೀರಾತಾಗಿ ಮೇಲೆ ಬರುವ ಫಲಿತಾಂಶಗಳನ್ನು ದಾಟಿ ಕೆಳಗೆ ಹೋಗಿ. ಮೂರು ಹೆಸರು ಸಿಕ್ಕರೆ ಸಾಕು, ನಿಲ್ಲಿಸಿ.

ಫೋನ್ ಮಾಡುವುದು

ಜನ ತಪ್ಪುವುದು ಇಲ್ಲೇ, ಏಕೆಂದರೆ ಈ ಹಂತವನ್ನೇ ಹಾರಿಬಿಡುತ್ತಾರೆ. ಆನ್‌ಲೈನ್ ಫಾರ್ಮ್ ತುಂಬಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಹಣ ಕಟ್ಟುವ ಮುನ್ನ 15 ನಿಮಿಷ ಮಾತಾಡಲೇಬೇಕು. ಸಾಧ್ಯವಾದರೆ ಕಚೇರಿಯವರ ಜೊತೆಗಲ್ಲ, ಕಲಿಸುವವರ ಜೊತೆಗೇ.

ಮೊದಲ ಪ್ರಶ್ನೆ: ನೀವು ಎಲ್ಲಿ, ಯಾರ ಬಳಿ ತರಬೇತಿ ಪಡೆದಿರಿ? ಮೈಂಡ್‌ಫುಲ್‌ನೆಸ್ ಶಿಕ್ಷಕ ಎಂದು ಫಲಕ ಹಾಕಿಕೊಳ್ಳಲು ಬಹುತೇಕ ಕಡೆ ಪರವಾನಗಿ ಬೇಕಿಲ್ಲ. ವಾರಾಂತ್ಯದಲ್ಲಿ ವಿಡಿಯೊ ನೋಡಿ ಪ್ರಮಾಣಪತ್ರ ಪಡೆದವರೂ ಅದೇ ಹೆಸರಿನಲ್ಲಿ ಕಲಿಸುತ್ತಾರೆ. ಒಳ್ಳೆಯ ಶಿಕ್ಷಕರಿಗೆ ಕೆಲವು ವರ್ಷಗಳ ಸ್ವಂತ ಅಭ್ಯಾಸ ಇರುತ್ತದೆ, ಮೌನ ಶಿಬಿರಗಳಲ್ಲಿ ಕೂತಿರುತ್ತಾರೆ, ಹಿರಿಯರೊಬ್ಬರ ಕಣ್ಣಳತೆಯಲ್ಲಿ ಕಲಿಸಿರುತ್ತಾರೆ. ಕೇಳಿದರೆ ಬೇಸರಿಸದೆ ಹೇಳುತ್ತಾರೆ. ಈ ಪ್ರಶ್ನೆಗೆ ಸಿಟ್ಟಾಗುವವರನ್ನು ಅಲ್ಲಿಗೇ ಬಿಟ್ಟುಬಿಡಿ.

ಎರಡನೆಯದು ಎಲ್ಲಕ್ಕಿಂತ ಮುಖ್ಯ. ಹೀಗೇ ಕೇಳಿ: ‘ಕೂತಿರುವಾಗಲೋ ರಾತ್ರಿಯೋ ಯಾರಿಗಾದರೂ ಗಾಬರಿ ಹತ್ತಿಕೊಂಡರೆ ಏನು ಮಾಡ್ತೀರಿ?’ ‘ನಮ್ಮಲ್ಲಿ ಹಾಗೆಲ್ಲ ಆಗೋದಿಲ್ಲ’ ಎಂಬ ಉತ್ತರ ಬಂದರೆ ಅಲ್ಲಿಗೆ ಹೋಗಬೇಡಿ. ‘ಎಲ್ಲವೂ ಶುದ್ಧಿಯ ಲಕ್ಷಣ, ಸಹಿಸಿಕೊಂಡು ಕೂತರೆ ಹೋಗುತ್ತೆ’ ಎನ್ನುವವರು ಇನ್ನೂ ಅಪಾಯ. ‘ಕಣ್ಣು ತೆರೆಸಿ, ಕೂರೋದು ಬಿಡಿಸಿ ಸ್ವಲ್ಪ ನಡೆಸ್ತೀವಿ. ರಾತ್ರಿ ಒಬ್ಬರು ಇಲ್ಲೇ ಇರ್ತಾರೆ. ಬೇಕಾದರೆ ಮನೆಯವರಿಗೆ, ವೈದ್ಯರಿಗೆ ಫೋನ್ ಮಾಡ್ತೀವಿ’ ಎಂದರೆ ಅವರು ಇಂಥದನ್ನು ಕಂಡವರು, ನಂಬಬಹುದು.

ಇದಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಮಾತು, ಕೆಲಸ, ಫೋನು ಒಟ್ಟಿಗೇ ನಿಂತಾಗ ಅದುಮಿಟ್ಟ ದುಃಖ, ಭಯ ಮೇಲೇಳಬಹುದು. ಜೊತೆಗೆ ನಿದ್ದೆಯೂ ಕಡಿಮೆಯಾಗುತ್ತದೆ. ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಹೊರಳುವುದು) ಇರುವವರಲ್ಲಿ ನಿದ್ದೆಗೆಡುವುದೇ ಉನ್ಮಾದಕ್ಕೆ ದಾರಿಯಾಗಬಹುದು. ಹಿಂದೆ ದೊಡ್ಡ ಆಘಾತ ಕಂಡವರಿಗೆ ಉಸಿರನ್ನೇ ಗಮನಿಸುತ್ತಾ ಕೂರುವುದು ಗಾಬರಿಯನ್ನು ಹೆಚ್ಚಿಸಲೂಬಹುದು. ಸೈಕೋಸಿಸ್ (ವಾಸ್ತವದ ಅರಿವು ತಪ್ಪುವುದು), ಬೈಪೋಲಾರ್, ಇತ್ತೀಚಿನ ಆಘಾತ, ಆತ್ಮಹತ್ಯೆಯ ಯೋಚನೆ, ಇವುಗಳಲ್ಲಿ ಯಾವುದಿದ್ದರೂ ಮೊದಲು ನಿಮ್ಮ ವೈದ್ಯರನ್ನು ಕೇಳಿ. ಅರ್ಜಿಯಲ್ಲಿ ಮುಚ್ಚಿಡಬೇಡಿ. ಶಿಬಿರಕ್ಕಾಗಿ ಮಾತ್ರೆ ನಿಲ್ಲಿಸಲೇಬೇಡಿ. ಮಾನಸಿಕ ಆರೋಗ್ಯದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ದೀರ್ಘ ಶಿಬಿರಕ್ಕೆ ಸೇರಿಸಿಕೊಳ್ಳುವ ಕೇಂದ್ರ ತನ್ನ ಹೊಣೆಯನ್ನೇ ಅರಿತಿಲ್ಲ.

ಉಳಿದವನ್ನು ಬೇಗ ಮುಗಿಸಬಹುದು. ಗಂಟೆವಾರು ವೇಳಾಪಟ್ಟಿ ಕಳಿಸಲು ಹೇಳಿ. ‘ಧ್ಯಾನ ಶಿಬಿರ’ ಎಂದು ಕರೆದು ದಿನಕ್ಕೆ ಎರಡು ಗಂಟೆ ಕೂರಿಸಿ ಉಳಿದ ಹೊತ್ತು ಉಪನ್ಯಾಸ ಕೊಡುವುದುಂಟು. ಒಬ್ಬ ಶಿಕ್ಷಕರಿಗೆ ಎಷ್ಟು ಜನ, ಒಬ್ಬೊಬ್ಬರಾಗಿ ಮಾತಾಡಲು ಅವಕಾಶವಿದೆಯೇ, ಕುರ್ಚಿ ಸಿಗುತ್ತದೆಯೇ, ನಡುವೆ ಬಿಟ್ಟು ಬರಬೇಕಾದರೆ ಹಣದ ಗತಿಯೇನು ಎಂದು ಕೇಳಿ, ಹಣದ ನಿಯಮವನ್ನು ಬರಹದಲ್ಲಿ ಪಡೆಯಿರಿ. ‘ಇವತ್ತೇ ಕಟ್ಟಿದರೆ ಅರ್ಧ ಬೆಲೆ’ ಎಂಬ ಒತ್ತಾಯಕ್ಕೆ ಮಣಿಯಬೇಡಿ. ಮೊದಲ ತರಗತಿಯಲ್ಲೇ ಮುಂದಿನ ದುಬಾರಿ ಹಂತವನ್ನು ಮಾರಲು ನಿಂತವರಿಂದಲೂ ದೂರ ಇರಿ.

ಒಮ್ಮೆ ಹೋಗಿ ಕೂರಿ

ಬಹಳಷ್ಟು ಕೇಂದ್ರಗಳಲ್ಲಿ ಪರಿಚಯ ತರಗತಿಯೋ ವಾರದ ಸಾಮೂಹಿಕ ಧ್ಯಾನವೋ ಇರುತ್ತದೆ. ಹೋಗಿ ಕೂತು ಬನ್ನಿ. ಹೊಸಬರು ದಡ್ಡ ಪ್ರಶ್ನೆ ಕೇಳಿದಾಗ ಶಿಕ್ಷಕರ ಮುಖ ನೋಡಿ, ಬೇರೇನೂ ಪರೀಕ್ಷಿಸಬೇಕಿಲ್ಲ.

ಇದಕ್ಕೆ ಬದಲಾಗಿ ಆ್ಯಪ್ ಸಾಲದೇ ಎಂದರೆ, ಗಂಟೆ ಬಾರಿಸಲು, ದಿನಚರಿ ಬಿಡದಿರಲು ಆ್ಯಪ್ ಒಳ್ಳೆಯದೇ. ನಿಮ್ಮ ಕುತ್ತಿಗೆ ಮುಂದಕ್ಕೆ ಬಾಗಿದೆ, ದವಡೆ ಬಿಗಿದಿದೆ ಎಂದು ಅದು ಹೇಳಲಾರದು.

ಹೊರಡುವ ಮುನ್ನ

ಶಿಬಿರಕ್ಕೆ ನಾಲ್ಕು ವಾರ ಇರುವಾಗಲೇ ಬೆಳಿಗ್ಗೆ 20, ಸಂಜೆ 20 ನಿಮಿಷ ಕೂರಲು ಆರಂಭಿಸಿ, ಕೊನೆಯ ವಾರದ ಹೊತ್ತಿಗೆ 40ಕ್ಕೆ ಏರಿಸಿ. ಮಂಡಿಗಳು ಸೊಂಟಕ್ಕಿಂತ ಕೆಳಗಿರಬೇಕು. ಮಂಡಿ ಮೇಲಿದ್ದರೆ ಸೊಂಟ ಹಿಂದಕ್ಕೆ ವಾಲಿ, ಬೆನ್ನು ಗೂನಾಗಿ, ಅರ್ಧ ಗಂಟೆಯಲ್ಲಿ ನೋವು ಶುರುವಾಗುತ್ತದೆ. ಮೆತ್ತನೆಯ ಸ್ಪಂಜಿನ ‘ಧ್ಯಾನದ ದಿಂಬು’ಗಳಿಗೆ ದುಡ್ಡು ಹಾಕಬೇಡಿ, ಅವು ಕೂತ ಹತ್ತು ನಿಮಿಷಕ್ಕೆ ಚಪ್ಪಟೆಯಾಗುತ್ತವೆ. ಗಟ್ಟಿಯಾಗಿ ಮಡಿಸಿದ ಎರಡು ಕಂಬಳಿ ಅವಕ್ಕಿಂತ ಮೇಲು. ಮಂಡಿ ನೋವಿದ್ದರೆ ಸಂಕೋಚವಿಲ್ಲದೆ ಕುರ್ಚಿ ಹಿಡಿಯಿರಿ, ಪಾದ ಪೂರ್ತಿ ನೆಲಕ್ಕೆ ತಾಗಲಿ.

ಸೀಟು ಸಿಕ್ಕ ಮೇಲೂ ಬರುವುದನ್ನು ಮತ್ತೊಮ್ಮೆ ಖಚಿತಪಡಿಸಿ ಎಂದು ಹಲವು ಕೇಂದ್ರಗಳು ಇಮೇಲ್ ಕಳಿಸುತ್ತವೆ. ಅದು ಸ್ಪ್ಯಾಮ್‌ಗೆ ಹೋಗಿ ಸೀಟು ಕಳೆದುಕೊಳ್ಳುವವರಿದ್ದಾರೆ, ಆಗಾಗ ನೋಡುತ್ತಿರಿ. ಕೇಂದ್ರದ ತುರ್ತು ಸಂಖ್ಯೆಯನ್ನು ಮನೆಯವರಿಗೆ ಬರೆದುಕೊಡಿ. ಶಿಬಿರ ಮುಗಿದ ಮರುದಿನವೂ ರಜೆ ಹಾಕಿ, ಮೌನದಿಂದ ಎದ್ದವರಿಗೆ ಗದ್ದಲ ಒಮ್ಮೆಲೇ ಒಗ್ಗುವುದಿಲ್ಲ. ವಾಪಸು ಬಂದ ಮೇಲೆ ವಾರಕ್ಕೊಮ್ಮೆ ಕೂರುವ ಗುಂಪನ್ನು ಮಾತ್ರ ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿ. ಬಂದ ಮೇಲೆ ಹುಡುಕಿದರಾಯಿತು ಎಂದವರಲ್ಲಿ ಹೆಚ್ಚಿನವರು ಹುಡುಕುವುದೇ ಇಲ್ಲ.