1915ರ ಕ್ಯಾಡಿಲಾಕ್ ಟೂರಿಂಗ್ ಕಾರು: ಬಣ್ಣಕ್ಕಿಂತ ಮೊದಲು ಬೇರಿಂಗ್

ಕ್ಯಾಡಿಲಾಕಿನ 1915ರ ಮಾಡೆಲ್ ಟೈಪ್ 51 ಗ್ಯಾರೇಜಿಗೆ ಬಂದಾಗ ಮೊದಲು ಬಿಚ್ಚಿದ್ದು ಆಯಿಲ್ ಸಂಪ್, ಅಂದರೆ ಎಂಜಿನ್ ತಳದ ಎಣ್ಣೆ ತೊಟ್ಟಿ. ಹುಡ್ಡಿನ ಬಟ್ಟೆ, ಸೀಟಿನ ಚರ್ಮ, ಬಣ್ಣ ಇವೆಲ್ಲ ಕಾಯುತ್ತವೆ. ಸಂಪಿನ ತಳದ ಕೆಸರನ್ನು ಬೆರಳಲ್ಲಿ ತೆಗೆದು ಸೀಮೆಎಣ್ಣೆಯಲ್ಲಿ ಅಲುಗಿಸಿದರೆ ಸಣ್ಣ ಮೀನಿನ ಹುರುಪೆಯಂಥ ಬೆಳ್ಳಿಬಣ್ಣದ ಚಕ್ಕೆಗಳು ಕಾಣಬಹುದು. ಅದು ಬೇರಿಂಗಿನ ವೈಟ್ ಮೆಟಲ್, ಬೇರಿಂಗಿನ ಒಳಮೈಗೆ ಎರಕ ಹೊಯ್ದಿರುವ ಮೃದು ಲೋಹ. ನಾಲ್ಕು ಚಕ್ಕೆ ಸಿಕ್ಕರೂ ಸಾಕು, ಎಲ್ಲ ಬೇರಿಂಗುಗಳನ್ನೂ ಹೊಸದಾಗಿ ಎರಕ ಹೊಯ್ಯುವುದೆಂದು ತೀರ್ಮಾನಿಸಿಬಿಡಬೇಕು. ಕೆಟ್ಟದ್ದನ್ನು ಮಾತ್ರ ಮಾಡಿ ಉಳಿದದ್ದನ್ನು ಬಿಟ್ಟರೆ ಅದೇ ಕೆಲಸಕ್ಕೆ ಎಂಜಿನ್ ಎರಡನೇ ಸಲ ಇಳಿಸಬೇಕಾಗುತ್ತದೆ.

ಅಮೆರಿಕದಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ವಿ-8 (V ಆಕಾರದಲ್ಲಿ ಎರಡು ಸಾಲಾಗಿ ಎಂಟು ಸಿಲಿಂಡರ್ ಇರುವ ಎಂಜಿನ್) ಇದೇ. 314 ಕ್ಯೂಬಿಕ್ ಇಂಚು, 70 ಅಶ್ವಶಕ್ತಿ. ಟೂರಿಂಗ್ ಬಾಡಿಯ ಅಂದಿನ ಬೆಲೆ 1,975 ಡಾಲರ್. ಹಾರ್ಸ್‌ಲೆಸ್ ಕ್ಯಾರಿಯೇಜ್ ಕ್ಲಬ್ ಆಫ್ ಅಮೆರಿಕದ ಟೂರುಗಳು 1916ಕ್ಕಿಂತ ಹಿಂದಿನ ಗಾಡಿಗಳಿಗೆ. ಹಾಗಾಗಿ ಕ್ಯಾಡಿಲಾಕ್ ವಿ-8 ಬೇಕಾದ ಸಂಗ್ರಾಹಕರು ಈ ಒಂದು ವರ್ಷದ ಮಾಡೆಲನ್ನೇ ಹುಡುಕುತ್ತಾರೆ. ಟೂರ್ ಅಂದಮೇಲೆ ದಿನವಿಡೀ ಓಡಬೇಕು, ಓಡಿಸುವುದು ಬೇರಿಂಗ್.

ಪಿಸ್ಟನ್ನನ್ನು ಕ್ರ್ಯಾಂಕಿಗೆ (ಎಂಜಿನ್ನಿನ ತಿರುಗುವ ಮುಖ್ಯ ಶಾಫ್ಟ್) ಸೇರಿಸುವ ಇದರ ಕನೆಕ್ಟಿಂಗ್ ರಾಡುಗಳು ಜೋಡಿ. ಒಂದು ಕವಲೊಡೆದದ್ದು, ಇನ್ನೊಂದು ಆ ಕವಲಿನ ನಡುವೆ ಕೂರುವ ಒಂಟಿ ರಾಡ್. ಕವಲು ರಾಡ್ ಕಂಚಿನ ಬುಷ್ಷನ್ನು ಬಿಗಿಯಾಗಿ ಹಿಡಿದಿರುತ್ತದೆ. ವೈಟ್ ಮೆಟಲ್ ಹೊಯ್ದ ಬುಷ್ಷಿನ ಒಳಮೈ ಕ್ರ್ಯಾಂಕ್ ಮೇಲೆ ತಿರುಗುತ್ತದೆ, ಅದರ ಹೊರಮೈ ಮೇಲೆ ಒಂಟಿ ರಾಡ್ ತೂಗುತ್ತದೆ. ಅಂದರೆ ಸಡಿಲ ನೋಡಬೇಕಾದ್ದು ಎರಡು ಕಡೆ. ಒಳಗಿನದನ್ನು ಮಾತ್ರ ಅಳೆದು ಜೋಡಿಸಿದರೆ ಎಂಜಿನ್ ಬಿಸಿಯಾದಮೇಲೆ ಬಡಿತ ಶುರುವಾಗುತ್ತದೆ, ಎಲ್ಲಿಂದ ಅಂತ ಗೊತ್ತಾಗುವುದಿಲ್ಲ. ಬಿಚ್ಚುವ ಮೊದಲೇ ರಾಡ್, ಕ್ಯಾಪ್, ಶಿಮ್ (ಸಂದಿಗೆ ಇಡುವ ತೆಳು ತಗಡು) ಎಲ್ಲಕ್ಕೂ ನಂಬರ್ ಪಂಚ್ ಹೊಡೆಯಿರಿ.

ಎರಕಕ್ಕೆ ನಾನು ಬಳಸಿದ ಮಿಶ್ರಣ 89 ಪಾಲು ತವರ, ಏಳೂವರೆ ಪಾಲು ಆಂಟಿಮನಿ, ಮೂರೂವರೆ ಪಾಲು ತಾಮ್ರ. ಸೀಸ ಬೆರೆತ ಅಗ್ಗದ ಲೋಹ ಈ ಎಂಜಿನ್ನಿಗೆ ಬೇಡ. ಹಳೆಯ ಲೋಹ ಕರಗಿಸಿ ತೆಗೆದು, ಬುಷ್ಷನ್ನು ಬಿಸಿ ಕಾಸ್ಟಿಕ್ ನೀರಿನಲ್ಲಿ ತೊಳೆದು, ಜಿಂಕ್ ಕ್ಲೋರೈಡ್ ಮತ್ತು ನವಸಾಗರದ ಫ್ಲಕ್ಸ್ ಬಳಿದು, ಪಾತ್ರೆಗೆ ಹಾಕುವ ಹಾಗೆಯೇ ತವರದ ಕಲಾಯಿ ಹಾಕಬೇಕು. ಕಲಾಯಿ ಕನ್ನಡಿಯಂತೆ ಹರಡದ ಜಾಗದಲ್ಲಿ ವೈಟ್ ಮೆಟಲ್ ಕೂಡ ಹಿಡಿಯುವುದಿಲ್ಲ. ಮ್ಯಾಂಡ್ರೆಲ್ (ಎರಕದ ನಡುವೆ ನಿಲ್ಲಿಸುವ ದುಂಡು ಅಚ್ಚು), ಬುಷ್ ಎರಡನ್ನೂ 120ರಿಂದ 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಕಲಾಯಿ ಇನ್ನೂ ಹೊಳೆಯುತ್ತಿರುವಾಗಲೇ ತಡಮಾಡದೆ ಸುಮಾರು 425 ಡಿಗ್ರಿಯ ಲೋಹವನ್ನು ನಿಲ್ಲಿಸದೆ ಒಂದೇ ಧಾರೆಯಾಗಿ ಹೊಯ್ಯಬೇಕು. ಥರ್ಮಾಮೀಟರ್ ಜೊತೆಗೆ ಪೈನ್ ಕಡ್ಡಿಯನ್ನೂ ಅದ್ದಿ ನೋಡುತ್ತೇನೆ: ಕಡ್ಡಿ ಕಂದುಬಣ್ಣಕ್ಕೆ ತಿರುಗಬೇಕು, ಹೊತ್ತಿ ಉರಿಯಬಾರದು. ಉರಿದರೆ ಲೋಹ ಅತಿಯಾಗಿ ಕಾದಿದೆ. ನಿಧಾನವಾಗಿ ತಣ್ಣಗಾಗಲು ಬಿಟ್ಟರೆ ಆಂಟಿಮನಿಯ ಹರಳುಗಳು ಒಂದೆಡೆ ಸೇರಿ ಆ ಜಾಗ ಪೆಡಸಾಗುತ್ತದೆ, ಮುಂದೆ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಹಿಡಿದಿದೆಯೇ ಎಂದು ತಿಳಿಯಲು ಬುಷ್ಷನ್ನು ದಾರದಲ್ಲಿ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿ. ಗಂಟೆಯ ನಾದ ಬಂದರೆ ಸರಿ, ಒಡಕು ಮಡಕೆಯ ಸದ್ದಾದರೆ ಮತ್ತೆ ಕರಗಿಸಿ. ಎರಡನೇ ಪರೀಕ್ಷೆ: ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಅಂಚಿಗೆ ಸೀಮೆಸುಣ್ಣ ಬಳಿಯಿರಿ. ಬಿಳಿ ಮೇಲೆ ಎಣ್ಣೆಯ ಗೆರೆ ಮೂಡಿದರೆ ಅಲ್ಲಿ ಲೋಹ ಬಿಟ್ಟುಕೊಂಡಿದೆ. ನಾದದಲ್ಲಿ ಪಾಸಾಗಿ ಸೀಮೆಸುಣ್ಣದಲ್ಲಿ ಸಿಕ್ಕಿಬಿದ್ದ ಬುಷ್ಷುಗಳಿವೆ, ಆದ್ದರಿಂದ ಎರಡೂ ಮಾಡಬೇಕು. ಬೋರ್ ಮಾಡುವಾಗ ಜರ್ನಲ್ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ) ವ್ಯಾಸದ ಪ್ರತಿ ಇಂಚಿಗೆ ಸುಮಾರು 1 ಥೌ, ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ, ಸಡಿಲ ಬಿಟ್ಟೆ. ಕ್ಯಾಪಿನ ಅಡಿ 2 ಥೌ ಹಿತ್ತಾಳೆ ಶಿಮ್ಮುಗಳನ್ನು ಇಟ್ಟರೆ ಮುಂದೆ ಸವೆದಾಗ ಒಂದೊಂದೇ ತೆಗೆಯಬಹುದು.

ಸಿಲಿಂಡರ್ ಬ್ಲಾಕುಗಳಿಗೆ ಬಿಚ್ಚುವ ಹೆಡ್ ಇಲ್ಲ, ಸಿಲಿಂಡರಿನ ತಲೆ ಮುಚ್ಚಿಯೇ ಎರಕವಾಗಿದೆ. ಸಿಲಿಂಡರಿನ ಒಳಮೈ ಉಜ್ಜಿ ನಯಗೊಳಿಸುವ ಹೋನಿಂಗ್ ಕಲ್ಲು ಆಚೆ ಹೊರಬರಲಾರದು, ಮೇಲೆ ತಾಗಿದರೆ ಮುರಿಯುತ್ತದೆ. ಉಪಕರಣದ ಮೇಲೆ ಆಳದ ಸ್ಟಾಪ್ ಕಟ್ಟಿಕೊಂಡೇ ಕೆಲಸ ಮಾಡಬೇಕು. ನೀರಿನ ಜಾಕೆಟ್ಟಿನ ತುಕ್ಕಿಗೆ ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು, ಎರಡು ವಾರ. ಎರಕಹೊಯ್ದ ಕಬ್ಬಿಣಕ್ಕೆ ಇದರಷ್ಟು ಮೃದುವಾದ ಉಪಾಯ ನಾನು ಕಂಡಿಲ್ಲ. ಆದರೆ ಕ್ರ್ಯಾಂಕ್‌ಕೇಸ್ ಅಲ್ಯುಮಿನಿಯಂ, ಕಾಕಂಬಿ ಅದನ್ನು ತಿಂದುಬಿಡುತ್ತದೆ. ಬ್ಲಾಕುಗಳನ್ನು ಬೇರ್ಪಡಿಸಿದ ಮೇಲೆಯೇ ನೆನೆಸಿ.

ಒಡೆದ ಭಾಗಗಳಿಗೆ ಇನ್ನೊಂದು ಟೈಪ್ 51ರ ಎಂಜಿನ್ ಸಿಕ್ಕರೆ ಭಾಗ್ಯ, ಏಕೆಂದರೆ ಅವು ನಿಜವಾಗಿ ಹೊಂದುತ್ತವೆ. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಮೂರು ಕ್ಯಾಡಿಲಾಕುಗಳನ್ನು ಪೂರ್ತಿ ಬಿಚ್ಚಿ, ಭಾಗಗಳನ್ನು ಕಲಸಿ, ಮತ್ತೆ ಜೋಡಿಸಿ 500 ಮೈಲಿ ಓಡಿಸಿದ್ದರು. ಬ್ರಿಟನ್ನಿನ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಡ್ಯೂವರ್ ಟ್ರೋಫಿ ಬಂದದ್ದು ಅದಕ್ಕೆ. ಕ್ಯಾಡಿಲಾಕ್ ಸ್ಥಾಪಕ ಹೆನ್ರಿ ಲೀಲ್ಯಾಂಡ್ ಹಟ ಹಿಡಿದು ಕೂರಿಸಿದ ಆ ನಿಖರತೆ ಇವತ್ತಿಗೂ ಕೈಗೆ ಸಿಗುತ್ತದೆ. ಕ್ಯಾಮ್ (ವಾಲ್ವ್ ಎತ್ತುವ ಉಬ್ಬು) ಮೇಲೆ ಉರುಳುವ ವಾಲ್ವ್ ರೋಲರುಗಳನ್ನು, ಕ್ಯಾಮುಗಳನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಒಂದೇ ಕ್ಯಾಮ್‌ಶಾಫ್ಟಿನ ಎಂಟು ಕ್ಯಾಮುಗಳು ಹದಿನಾರು ವಾಲ್ವುಗಳನ್ನು ಎತ್ತುತ್ತವೆ, ಒಂದು ಕ್ಯಾಮ್ ಸವೆದರೆ ಎರಡು ಸಿಲಿಂಡರಿನ ಟೈಮಿಂಗ್ ಕೆಡುತ್ತದೆ.

ಎಲ್ಲ ಸರಿಮಾಡಿದ ಮೇಲೂ ಒಂದು ವೇಗದಲ್ಲಿ ನಡುಕ ಬರುತ್ತದೆ, ಗಾಬರಿ ಬೇಡ. ಈ ಕ್ರ್ಯಾಂಕಿನ ನಾಲ್ಕೂ ತೋಳುಗಳು ಒಂದೇ ಸಮತಲದಲ್ಲಿವೆ, ಆ ವಿನ್ಯಾಸದಲ್ಲಿ ಅಡ್ಡಡ್ಡ ಕಂಪನ ಹೋಗುವುದಿಲ್ಲ. ಕ್ಯಾಡಿಲಾಕೇ ಅದನ್ನು ಸರಿಪಡಿಸಿದ್ದು 1924ರ ವಿ-63ರಲ್ಲಿ, ಎರಡು ಸಮತಲದ ಕ್ರ್ಯಾಂಕ್ ಹಾಕಿ. ಪಿಸ್ಟನ್, ರಾಡುಗಳ ತೂಕ ಗ್ರಾಂ ಲೆಕ್ಕದಲ್ಲಿ ಸರಿಹೊಂದಿಸಿ, ಅಲ್ಲಿಗೆ ನಿಲ್ಲಿಸಿ.

ಹಿಕೊರಿ ಮರದ ಚಕ್ರ ಕಿರುಗುಟ್ಟಿದರೆ ನೀರಿನಲ್ಲಿ ನೆನೆಸುವ ಅಭ್ಯಾಸ ಕೆಲವರಿಗಿದೆ. ಮರ ಉಬ್ಬಿ ನಾರು ನಜ್ಜುಗುಜ್ಜಾಗುತ್ತದೆ, ಒಣಗಿದಮೇಲೆ ಮೊದಲಿಗಿಂತ ಸಡಿಲ. ಬ್ರೇಕ್ ಹಿಂದಿನ ಎರಡೇ ಚಕ್ರಕ್ಕೆ ಇರುವ ಈ ಭಾರದ ಗಾಡಿಯಲ್ಲಿ ಸಡಿಲ ಸ್ಪೋಕು ಜೀವಕ್ಕೇ ಅಪಾಯ. ಹೊಸ ಸ್ಪೋಕೇ ಹಾಕಿಸಿ. ಕಾರ್ಬ್ಯುರೇಟರಿನಲ್ಲಿ ಶೆಲಾಕ್ ಬಳಿದ ಕಾರ್ಕ್ ಫ್ಲೋಟ್ ಇದ್ದರೆ ತೆಗೆದುಹಾಕಿ: ಇಂದಿನ ಪೆಟ್ರೋಲಿನ ಎಥನಾಲ್ ಶೆಲಾಕನ್ನು ಕರಗಿಸುತ್ತದೆ, ಕಾರ್ಕ್ ಮುಳುಗುತ್ತದೆ, ಪೆಟ್ರೋಲ್ ಬಿಸಿ ಎಕ್ಸಾಸ್ಟ್ ಮೇಲೆ ಸುರಿಯುತ್ತದೆ.

ಸ್ಟಾರ್ಟ್ ಮಾಡುವ ಮೊದಲು ಹೊರಗಿನಿಂದ ಒತ್ತಡ ಕೊಟ್ಟು ಆಯಿಲ್ ತುಂಬಿಸಿ, ಪ್ರತಿ ಬೇರಿಂಗಿನಿಂದ ತೊಟ್ಟಿಕ್ಕುವವರೆಗೆ ಎಂಜಿನ್ನನ್ನು ಕೈಯಲ್ಲೇ ತಿರುಗಿಸಿದೆ. 500 ಮೈಲಿ ಆದಮೇಲೆ ಸಂಪ್ ಮತ್ತೆ ಇಳಿಸಿ ಅದೇ ಸೀಮೆಎಣ್ಣೆ ಪರೀಕ್ಷೆ. ಚಕ್ಕೆ ಇರಲಿಲ್ಲ. ಗಾಡಿ ಬಣ್ಣದವರ ಬಳಿ ಹೋದದ್ದು ಆಮೇಲೆ.