ಕೀಲಾಯ್ಡ್‌ಗೆ ಸ್ಟೀರಾಯ್ಡ್ ಚುಚ್ಚುವಾಗ ಸೂಜಿಯ ತುದಿ ಎಲ್ಲಿರಬೇಕು

ಕಿವಿ ಚುಚ್ಚಿಸಿದ ಜಾಗ, ಎದೆಯ ನಡು, ಭುಜದ ಬಿಸಿಜಿ ಲಸಿಕೆಯ ಗುರುತು: ಕೀಲಾಯ್ಡ್, ಅಂದರೆ ಗಾಯದ ಕಲೆ ಅತಿಯಾಗಿ ಬೆಳೆದು ಆಗುವ ಗಂಟು, ಏಳುವುದು ಹೆಚ್ಚಾಗಿ ಇಲ್ಲೇ. ಗಾಯದ ಗಡಿ ದಾಟಿ ಬೆಳೆದಿದ್ದರೆ ಕೀಲಾಯ್ಡ್. ಗಡಿಯೊಳಗೇ ಉಬ್ಬಿದ್ದರೆ ಹೈಪರ್‌ಟ್ರೋಫಿಕ್ ಕಲೆ, ಅದು ಬೇಗ ತಗ್ಗುತ್ತದೆ. ಎರಡಕ್ಕೂ ನಾನು ಬಳಸುವುದು ಟ್ರಯಾಮ್ಸಿನೋಲೋನ್ ಅಸಿಟೋನೈಡ್ ಎಂಬ ಸ್ಟೀರಾಯ್ಡ್. ಗಟ್ಟಿ ಕೀಲಾಯ್ಡ್‌ಗೆ ಮಿಲಿಗೆ 40 ಮಿಗ್ರಾಂ. ತೆಳು ಕಲೆಗೆ, ಮುಖಕ್ಕೆ 10. ನಡುವಿನದ್ದಕ್ಕೆ 40ರ ಮದ್ದಿಗೆ ಸಮಪಾಲು 2% ಲಿಗ್ನೋಕೇನ್ (ಜಾಗ ಮರಗಟ್ಟಿಸುವ ಮದ್ದು) ಬೆರೆಸಿ 20 ಮಾಡಿಕೊಳ್ಳುತ್ತೇನೆ. ವಯಸ್ಕರಿಗೂ ಒಂದು ಸಲಕ್ಕೆ ಒಟ್ಟು 40 ಮಿಗ್ರಾಂ ದಾಟಿಸುವುದಿಲ್ಲ.

ಇದು ಕರಗಿದ ಮದ್ದಲ್ಲ, ನೀರಿನಲ್ಲಿ ತೇಲುವ ಕಣ. ವೈಲ್ (ಮದ್ದಿನ ಪುಟ್ಟ ಸೀಸೆ) ಚೆನ್ನಾಗಿ ಕುಲುಕದಿದ್ದರೆ ಮದ್ದು ತಳದಲ್ಲೇ ಉಳಿದು ಸಿರಿಂಜಿಗೆ ಬರೀ ತಿಳಿನೀರು ಬರುತ್ತದೆ. 1 ಮಿಲಿಯ ಲೂಯರ್ ಲಾಕ್ (ಸೂಜಿಯನ್ನು ತಿರುಗಿಸಿ ಬಿಗಿಯುವ) ಸಿರಿಂಜ್, 26 ಅಥವಾ 27 ಗೇಜ್ ಸೂಜಿ ಸಾಕು. ತೀರಾ ಸಣ್ಣ ಸೂಜಿಯಲ್ಲಿ ಕಣ ಸಿಕ್ಕಿಕೊಳ್ಳುತ್ತದೆ. ಮಾಮೂಲಿ ಸಿರಿಂಜಾದರೆ ಒತ್ತಡಕ್ಕೆ ಸೂಜಿ ಕಿತ್ತು ಮದ್ದು ಚಿಮ್ಮುತ್ತದೆ. ಕಣ್ಣಿಗೆ ರಕ್ಷಣೆ ಇಲ್ಲದೆ ಕೂರಲೇಬೇಡಿ.

ಇನ್ನು ಆಳ. ಸೂಜಿಯನ್ನು ಓರೆಯಾಗಿ ಗಂಟಿನೊಳಗೇ ನಡೆಸಿ, ಹಿಂದಕ್ಕೆಳೆಯುತ್ತಾ ಸೆಂಟಿಮೀಟರಿಗೊಂದು ಕಡೆ ಸುಮಾರು 0.1 ಮಿಲಿ ಬಿಡಬೇಕು. ಸಿರಿಂಜಿನ ಒತ್ತುಕಡ್ಡಿ (ಪ್ಲಂಜರ್) ಬಿಗಿಯಾಗಿ ಎದುರೊತ್ತಬೇಕು. ಕಲೆ ಬೆಳ್ಳಗಾದ ತಕ್ಷಣ ಅಲ್ಲಿಗೆ ನಿಲ್ಲಿಸಿ. ಮದ್ದು ಸಲೀಸಾಗಿ ಇಳಿಯಿತೆಂದರೆ ತುದಿ ಕೆಳಗಿನ ಕೊಬ್ಬಿಗೆ ಹೋಗಿದೆ; ಗಂಟು ಹಾಗೇ ಉಳಿದು, ಕೊಬ್ಬು ಕರಗಿ ಗುಳಿ ಬೀಳುತ್ತದೆ. ಅಂಚು ದಾಟಿ ಒಳ್ಳೆಯ ಚರ್ಮಕ್ಕೆ ಹರಿದರೆ ಬಿಳಿ ಪಟ್ಟೆ. ನಮ್ಮ ಮೈಬಣ್ಣದಲ್ಲಿ ಅದು ತಿಂಗಳುಗಟ್ಟಲೆ ಎದ್ದು ಕಾಣುವುದರಿಂದ ಚುಚ್ಚುವ ಮೊದಲೇ ಹೇಳಿಬಿಡುತ್ತೇನೆ.

ಕಲ್ಲಿನಂಥ ಹಳೆಯ ಗಂಟಾದರೆ ಮೊದಲು ಹೆಪ್ಪುಗಟ್ಟಿಸುವ ದ್ರವ ಸಾರಜನಕ ಸಿಂಪಡಿಸಿ, ಜಾಗ ಊದಿಕೊಳ್ಳಲು 10–15 ನಿಮಿಷ ಬಿಡುತ್ತೇನೆ. ಆಮೇಲೆ ಸೂಜಿ ಸುಲಭವಾಗಿ ಹೋಗುತ್ತದೆ. ಆದರೆ ಕೈಗೆ ಸಿಗುವ ಬಿಗಿತವೂ ಕಡಿಮೆಯಾಗುತ್ತದೆ, ಆಗ ಆಳ ತಪ್ಪುವುದು ಸುಲಭ.

ಮುಂದಿನ ಚುಚ್ಚುಮದ್ದು ನಾಲ್ಕು ವಾರದ ಮೇಲೆ. ಸಾಮಾನ್ಯವಾಗಿ ಮೊದಲು ತುರಿಕೆ, ನೋವು ತಗ್ಗುತ್ತವೆ. ಎತ್ತರ ಇಳಿಯುವುದು ನಿಧಾನ. ಕಲೆ ಸುತ್ತಲಿನ ಚರ್ಮದ ಮಟ್ಟಕ್ಕೆ ಬಂದರೆ ಸಾಕು. ಬಣ್ಣವೂ ಹೋಗಲಿ ಎಂದು ಮುಂದುವರಿಸಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗುತ್ತವೆ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರಬಹುದು, ಹೆಣ್ಣುಮಕ್ಕಳಿಗೆ ಮುಟ್ಟು ಏರುಪೇರಾಗಬಹುದು. ಎರಡನ್ನೂ ಪ್ರತಿ ಭೇಟಿಯಲ್ಲಿ ಕೇಳಬೇಕು.

ಕಿವಿಯ ಗಂಟನ್ನು ಕತ್ತರಿಸಿ ತೆಗೆದರೂ ಅಂಚಿಗೆ ತಿಂಗಳಿಗೊಮ್ಮೆ ಇದೇ ಮದ್ದು ಬೇಕು. ಬರೀ ಕತ್ತರಿಸಿ ಬಿಟ್ಟರೆ ಬಹಳಷ್ಟು ಮರಳಿ ಬರುತ್ತವೆ, ಕೆಲವು ಮೊದಲಿಗಿಂತ ದೊಡ್ಡದಾಗಿ.